ದೂರು ಎಸೆಯುವ ಗುಂಡಿ

ಆ ಲಿಫ್ಟ್ ಕಂಪನಿಯಲ್ಲಿ ಎಲ್ಲರೂ ಅವನನ್ನು ಪಂಡಿತ ಎಂದು ಕರೆಯುತ್ತಿದ್ದರು. ಗೇಲಿಗೆಂದು ಇಟ್ಟ ಹೆಸರು ಅದು. ಅವನು ಮಾತ್ರ ಅದನ್ನು ಬಿರುದು ಎಂದುಕೊಂಡು ಶಾಲಿನಂತೆ ಹೊದ್ದುಕೊಂಡು ಓಡಾಡುತ್ತಿದ್ದ. ಮೂರನೆಯ ಮಹಡಿಯ ಮೂಲೆಯ ಕೋಣೆಯಲ್ಲಿ, ಸದಾ ಗುಂಯ್‌ಗುಡುವ ಕಂಪ್ಯೂಟರುಗಳ ನಡುವೆ, ಒಂದು ಕಪ್ಪು ಪರದೆಯ ಮುಂದೆ ಅವನ ಆಸ್ಥಾನ. ಆ ಪರದೆಯಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ, ಬಣ್ಣವಿಲ್ಲ. ಅಕ್ಷರಗಳಲ್ಲಿ ಆಜ್ಞೆ ಕೊಡಬೇಕು, ಅದು ಅಕ್ಷರಗಳಲ್ಲಿ ಉತ್ತರ ಕೊಡುತ್ತದೆ. ಮೌಸ್ ಹಿಡಿದು ಕೆಲಸ ಮಾಡುವವರನ್ನು ಕಂಡರೆ ಅವನಿಗೆ ಕೈಗೂಸುಗಳನ್ನು ಕಂಡಷ್ಟೇ ಕನಿಕರ.

ಅವನಿಗೆ ಒಂದನೆಯ ತರಗತಿಯಲ್ಲಿ ಶೂ ದಾರ ಕಟ್ಟಲು ಕಲಿಸಿದವಳು ಅದೇ ಕಟ್ಟಡದ ನೆಲಮಹಡಿಯಲ್ಲಿ ಕೂರುತ್ತಿದ್ದಳು. ಅವನ ಅಮ್ಮನ ತಂಗಿ. ಆಫೀಸಿನಲ್ಲಿ ಅವನೊಬ್ಬನಿಗೆ ಆಕೆ ಚಿಕ್ಕಮ್ಮ. ಆದರೆ ಅವನು ಕರೆಯುವುದನ್ನು ಕೇಳಿ ಕೇಳಿ ಗೇಟಿನ ಕಾವಲುಗಾರನೂ ಚಿಕ್ಕಮ್ಮ ಎಂದೇ ಅನ್ನುತ್ತಿದ್ದ. ಹತ್ತೊಂಬತ್ತು ವರ್ಷದಿಂದ ಆಕೆ ದೂರಿನ ವಿಭಾಗದ ನಾಲ್ಕನೆಯ ಮೇಜಿನವಳು. ಊರಿನಲ್ಲಿ ಕಂಪನಿಯ ಲಿಫ್ಟ್ ಎಲ್ಲಿ ನಿಂತರೂ, ಒಳಗೆ ಸಿಕ್ಕಿಬಿದ್ದವರು ಕೆಂಪು ಗುಂಡಿ ಒತ್ತಿದರೆ ಅವರ ದನಿ ಬಂದು ಬೀಳುವುದು ಆಕೆಯ ಕಿವಿಗೆ. ಆಕೆ ಸಮಾಧಾನ ಹೇಳಬೇಕು, ವಿವರವನ್ನು ಕಂಪ್ಯೂಟರಿನಲ್ಲಿ ಬರೆಯಬೇಕು, ಆ ಬಡಾವಣೆಯ ಮೆಕ್ಯಾನಿಕ್‌ಗೆ ಕಳಿಸಬೇಕು. ಪಾಳಿ ಮುಗಿಯುತ್ತಲೇ ಪರದೆ ಖಾಲಿಯಾಗುತ್ತದೆ. ಬರೆದದ್ದೆಲ್ಲ ಮೂರನೆಯ ಮಹಡಿಗೆ, ಪಂಡಿತನ ವಶಕ್ಕೆ.

ಆ ಬುಧವಾರ ಮಧ್ಯಾಹ್ನ ಪಂಡಿತನ ವರದಿಯ ಒಂದು ಪ್ರತಿ ನಾಲ್ಕನೆಯ ಮೇಜಿಗೆ ಬಂತು. ಒಂದೇ ಸಾಲಿನ ವರದಿ. "ಸದರಿ ದಿನ ಸದರಿ ಕಟ್ಟಡದಿಂದ ಕರೆ ಬಂದ ಬಗ್ಗೆಯಾಗಲಿ, ಯಾರಿಗಾದರೂ ತಿಳಿಸಿದ ಬಗ್ಗೆಯಾಗಲಿ ಯಾವ ದಾಖಲೆಯೂ ಇಲ್ಲ." ಕೆಳಗೆ ಬಾಲ ಸುರುಳಿ ಸುತ್ತಿದ ರುಜು.

ಚಿಕ್ಕಮ್ಮ ಅದನ್ನು ಎರಡು ಸಲ ಓದಿದಳು. ಆಮೇಲೆ ಕಿವಿಯ ಹೆಡ್‌ಫೋನ್ ತೆಗೆದಿಟ್ಟು, ಪಕ್ಕದ ಮೇಜಿನವಳಿಗೆ ಕರೆ ನೋಡಿಕೊಳ್ಳಲು ಹೇಳಿ ಮೆಟ್ಟಿಲು ಹತ್ತಿದಳು. ಊರಿಗೆಲ್ಲ ಲಿಫ್ಟ್ ಹಾಕುವ ಕಂಪನಿಯ ಸ್ವಂತ ಲಿಫ್ಟ್ ಕೆಟ್ಟು ಒಂಬತ್ತು ತಿಂಗಳಾಗಿತ್ತು.

ನಡೆದದ್ದು ಇಷ್ಟು. ಮೂರು ವಾರದ ಹಿಂದೆ, ಒಂದು ಮಂಗಳವಾರ, ಎಂಟು ಮಹಡಿಯ ಕಟ್ಟಡವೊಂದರಲ್ಲಿ ಐದನೆಯ ಮಹಡಿಗೂ ಆರನೆಯದಕ್ಕೂ ನಡುವೆ ಲಿಫ್ಟ್ ನಿಂತಿತು. ಒಳಗಿದ್ದವಳು ಒಬ್ಬ ಟೈಲರಮ್ಮ. ಹೊಲಿದ ಕೋಟನ್ನು ಗಿರಾಕಿಗೆ ಮುಟ್ಟಿಸಲು ಹೊರಟವಳು. ಮಧ್ಯಾಹ್ನ ಮೂರು ಹನ್ನೆರಡಕ್ಕೆ ಗುಂಡಿ ಒತ್ತಿದವಳು ಹೊರಗೆ ಬಂದದ್ದು ಆರಕ್ಕೆ ಎಂಟು ನಿಮಿಷ ಇದ್ದಾಗ, ಸ್ಟ್ರೆಚರಿನ ಮೇಲೆ. ಆ ಬಡಾವಣೆಯ ಮೆಕ್ಯಾನಿಕ್ ಅಂದು ರಜೆ. ಹಾಗಾದಾಗ ಬೇರೆ ಬಡಾವಣೆಯಿಂದ ಇನ್ನೊಬ್ಬನನ್ನು ಕಳಿಸುವ ಅಧಿಕಾರ ಮ್ಯಾನೇಜರ್ ಒಬ್ಬರಿಗೇ. ಅವರಿಗೆ ಫೋನ್ ಮಾಡಕೂಡದು, ಮೇಜಿನ ಕಂಪ್ಯೂಟರಿನಿಂದ ಮೆಸೇಜ್ ಮಾತ್ರ ಕಳಿಸಬೇಕು. ಫೋನ್ ಬಡಿದುಕೊಂಡರೆ ಅವರ ಯೋಚನೆಗೆ ಭಂಗ ಬರುತ್ತದಂತೆ. ಏನು ಯೋಚನೆಯೋ, ಹತ್ತೊಂಬತ್ತು ವರ್ಷದಲ್ಲಿ ಯಾರೂ ಅದರ ಫಲ ಕಂಡವರಿಲ್ಲ.

ಚಿಕ್ಕಮ್ಮ ಮೂರು ಸಲ ಮೆಸೇಜ್ ಕಳಿಸಿದಳು. ನಡುನಡುವೆ ಲಿಫ್ಟಿನೊಳಗಿನ ಹೆಂಗಸಿಗೆ "ಹೇಳಿದೀನಿ ಕಣಮ್ಮ, ಬರ್ತಾರೆ" ಎಂದು ಧೈರ್ಯ ಹೇಳಿದಳು. ಕೊನೆಗೆ ಐದೂಕಾಲಿಗೆ, ಆದದ್ದಾಗಲಿ ಎಂದು, ನಿಯಮವನ್ನು ಗಾಳಿಗೆ ತೂರಿ ತನ್ನದೇ ಫೋನಿನಿಂದ ಅಗ್ನಿಶಾಮಕದವರನ್ನು ಕರೆದಳು. ಟೈಲರಮ್ಮ ಉಳಿದದ್ದು ಅದರಿಂದ.

ಈಗ ಮ್ಯಾನೇಜರ್ ಹೇಳುವುದು, ನನಗೆ ಯಾವ ಮೆಸೇಜೂ ಬಂದಿಲ್ಲ, ಆಕೆ ಎರಡು ಗಂಟೆ ಮರೆತು ಕೂತಿದ್ದು ಆಮೇಲೆ ಹೆದರಿ ಅಗ್ನಿಶಾಮಕಕ್ಕೆ ಫೋನ್ ಮಾಡಿದ್ದಾಳೆ ಎಂದು. ಗುರುವಾರ ಹನ್ನೊಂದಕ್ಕೆ ವಿಚಾರಣೆ. ವಿಚಾರಣೆ ಮಾಡುವವರೂ ಅವರೇ. ಟೈಲರಮ್ಮನನ್ನೂ ಕರೆಸಿದ್ದರು. ಆ ಹೆಂಗಸು ಬರೆದುಕೊಟ್ಟ ದೂರಿನಲ್ಲಿ ಒಂದು ಮಾತಿತ್ತು: ನಾಲ್ಕನೆಯ ಮೇಜಿನವಳು ನನಗೆ ಎರಡು ಗಂಟೆ ಸುಳ್ಳು ಹೇಳುತ್ತಾ ಕೂತಿದ್ದಳು. ಕೆಲಸ ಹೋಗುವುದು ಚಿಕ್ಕಮ್ಮನಿಗೆ ಭಯವೇ. ಐವತ್ತಾರರಲ್ಲಿ ಇನ್ನು ಯಾರು ಕೆಲಸ ಕೊಡುತ್ತಾರೆ. ಆದರೆ ಅದಕ್ಕಿಂತ ಹೆಚ್ಚಾಗಿ ಅವಳನ್ನು ಚುಚ್ಚಿದ್ದು ಆ ಮಾತು.

ಚಿಕ್ಕಮ್ಮ ಒಳಗೆ ಬಂದಾಗ ಪಂಡಿತ ಕುರ್ಚಿಯಿಂದ ಏಳಲಿಲ್ಲ.

"ಚಿಕ್ಕಮ್ಮ, ನೀನು ಬರಬಾರದಿತ್ತು. ನಾಳೆ ವಿಚಾರಣೆ ಇದೆ. ನೋಡಿದವರು ಏನಂದ್ಕೋತಾರೆ?"

"ಅಕ್ಕನ ಮಗನ್ನ ಮಾತಾಡ್ಸಕ್ಕೆ ಬಂದಳು ಅಂದ್ಕೋತಾರೆ. ಇಲ್ಲ ಅಂತ ಬರೆದಿದೀಯಲ್ಲ, ಹುಡುಕಿದೆಯಾ?"

ಅವನು ಹುಳ್ಳಗೆ ನಕ್ಕ. "ನಾನು ಹುಡುಕಲ್ಲ ಚಿಕ್ಕಮ್ಮ. ಕಂಪ್ಯೂಟರ್ ಹುಡುಕತ್ತೆ. ಅದಕ್ಕೆ ಚಿಕ್ಕಮ್ಮ ದೊಡ್ಡಮ್ಮ ಅಂತೆಲ್ಲಾ ಗೊತ್ತಿಲ್ಲ."

ಈ ಮಾತನ್ನು ಅವನು ಬೆಳಿಗ್ಗೆಯೇ ಹೊಂದಿಸಿಟ್ಟುಕೊಂಡಿದ್ದ ಎನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು. ತನ್ನ ನಿಷ್ಪಕ್ಷಪಾತತೆಗೆ ತಾನೇ ಮರುಳಾಗಿದ್ದ. ಸ್ವಂತ ಚಿಕ್ಕಮ್ಮನ ಕೆಲಸಕ್ಕೆ ಕತ್ತರಿ ಹಾಕುವಷ್ಟು ನ್ಯಾಯವಂತ ಎಂದು ನಾಳೆ ಆಫೀಸೆಲ್ಲ ಮಾತಾಡುತ್ತದೆ, ಮ್ಯಾನೇಜರ್ ಬೆನ್ನು ತಟ್ಟುತ್ತಾರೆ. ಚಿಕ್ಕಮ್ಮನಿಗೆ ಅವನ ಕಿವಿ ಹಿಂಡುವ ಆಸೆಯಾಯಿತು. ಮೂವತ್ತೆರಡು ವರ್ಷದವನ ಕಿವಿ. ಆಸೆಯನ್ನು ನುಂಗಿಕೊಂಡು ಸ್ಟೂಲು ಎಳೆದು ಕೂತಳು.

"ತೋರ್ಸು. ಹೇಗೆ ಹುಡುಕತ್ತೆ ನೋಡೋಣ."

ತೋರಿಸು ಎಂದರೆ ಪಂಡಿತನಿಗೆ ಹಬ್ಬ. ತೋಳು ಮಡಚಿದ. "ಇದಕ್ಕೆ ಗ್ರೆಪ್ ಅಂತಾರೆ. ಒಂದು ಪದ ಕೊಟ್ಟರೆ, ಆ ಪದ ಇರೋ ಸಾಲನ್ನೆಲ್ಲಾ ಎತ್ತಿ ಮುಂದೆ ಇಡತ್ತೆ. ಕೋಟಿ ಸಾಲಿರಲಿ, ಕಣ್ಣು ಮಿಟುಕಿಸೋದ್ರಲ್ಲಿ. ಪೂರ್ತಿ ಪದ ಗೊತ್ತಿಲ್ಲದಿದ್ರೂ ಸರಿ, ಅದು ಹೆಂಗಿರತ್ತೆ ಅಂತ ಹೇಳಿದ್ರೆ ಸಾಕು. ಮೊದಲು ಎರಡು ಅಂಕಿ, ಆಮೇಲೆ ಒಂದು ಚುಕ್ಕಿ, ಆಮೇಲೆ ಯಾವ ಅಂಕಿಯಾದ್ರೂ ಬರಲಿ ಅಂತ. ಇದು ನಿಮ್ಮ ಮೌಸಿನವರ ಕೈಲಿ ಆಗೋ ಕೆಲಸ ಅಲ್ಲ."

ಅವನು ಆಜ್ಞೆ ಬರೆದ. ಗೀಟು, ಚುಕ್ಕಿ, ನಕ್ಷತ್ರ, ಆವರಣ, ಕಟ್ಟಡದ ನಂಬರು. ಕೊನೆಗೆ ಒಂದು ಅಂಕಿ, ಒಂದು ಬಾಣದಂಥ ಗುರುತು, ಇನ್ನೆರಡು ಚಿಕ್ಕ ಪದ. ಅವನ ಬೆರಳು ಆ ಕೊನೆಯ ತುಂಡನ್ನು ನೋಡದೆಯೇ ಬರೆಯಿತು, ಪತ್ರದ ಕೆಳಗೆ ರುಜು ಹಾಕಿದಂತೆ. ಪರದೆಯ ಮೇಲೆ ಹತ್ತಾರು ಸಾಲು ಹರಿದು ಬಂದವು.

"ನೋಡು, ಆ ಕಟ್ಟಡದ್ದು ಏನೇನಿದೆಯೋ ಅಷ್ಟೂ ಬಂತು. ಹೋದ ವರ್ಷ ಬಾಗಿಲು ಸಿಕ್ಕಿಕೊಂಡಿದ್ದು, ಅದರ ಹಿಂದಿನ ವರ್ಷ ದೀಪ ಹೋಗಿದ್ದು. ಆ ಮಂಗಳವಾರದ್ದು ಮಾತ್ರ ಇಲ್ಲ. ಇದ್ದಿದ್ರೆ ಬರ್ತಿತ್ತು. ಬರಲಿಲ್ಲ. ಅಂದ್ರೆ ಇಲ್ಲ."

ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಆ ಸಾಲುಗಳನ್ನು ನೋಡಿದಳು. ಹತ್ತೊಂಬತ್ತು ವರ್ಷ ದೂರು ಕೇಳಿದವಳಿಗೆ ಒಂದು ಅಭ್ಯಾಸವಿರುತ್ತದೆ. ಲಿಫ್ಟ್ ಸರಿಯಾಗಿದೆ ಎಂದು ಯಾರಾದರೂ ಹೇಳಿದರೆ, ಹತ್ತಿ ನೋಡಿದಿರಾ ಎಂದು ಕೇಳುವುದು.

"ಅದೇ ದಿನ ಬೆಳಿಗ್ಗೆ ಇನ್ನೊಂದು ಬಡಾವಣೆಯ ಆಸ್ಪತ್ರೆಯಿಂದ ಕರೆ ಬಂದಿತ್ತು, ಲಿಫ್ಟ್ ಬಾಗಿಲು ಮುಚ್ಚಲ್ಲ ಅಂತ. ಬರ್ಕೊಂಡಿದ್ದು ನಾನೇ. ಅಲ್ಲಿನ ಮೆಕ್ಯಾನಿಕ್ ಹೋಗಿ ಸರಿ ಮಾಡಿದ, ಆಸ್ಪತ್ರೆಯವರು ಥ್ಯಾಂಕ್ಸ್ ಅಂತ ಕಾಗದಾನೂ ಕಳಿಸಿದ್ರು. ಅದು ಇದ್ದೇ ಇರಬೇಕು ತಾನೇ? ಹುಡುಕು."

ಹುಡುಕಿದ. ಹಳೆಯ ವರ್ಷದವು ಬಂದವು. ಆ ಮಂಗಳವಾರದ್ದು ಬರಲಿಲ್ಲ.

"ನೀನು ಅದನ್ನೂ ಬರೆದಿಲ್ಲ ಅನ್ಸತ್ತೆ."

"ಬರೆಯದೆ ಇದ್ರೆ ಮೆಕ್ಯಾನಿಕ್‌ಗೆ ಕನಸು ಬಿತ್ತಾ? ಹೋಗ್ಲಿ. ಈ ತಿಂಗಳು ನಾಲ್ಕನೇ ಮೇಜಿಂದು ಏನಿದೆಯೋ ಎಲ್ಲಾ ಹುಡುಕು."

ಒಂದು ಸಾಲೂ ಬರಲಿಲ್ಲ. ಹಿಂದಿನ ತಿಂಗಳದ್ದೂ ಇಲ್ಲ.

"ಮೂರನೇ ಮೇಜು? ಎರಡನೇದು? ಒಂದನೇದು?"

ಪಂಡಿತ ಬೇಸರ ತೋರಿಸುತ್ತಲೇ ಕೀಲಿಗಳನ್ನು ಕುಟ್ಟಿದ. ಯಾವ ಮೇಜಿನದೂ ಇಲ್ಲ. ಎರಡು ತಿಂಗಳಿಂದ ಊರಿನಲ್ಲಿ ಒಂದೇ ಒಂದು ಲಿಫ್ಟ್ ಕೆಟ್ಟಿಲ್ಲ ಎನ್ನುತ್ತಿತ್ತು ಅವನ ಮಹಾಮಂತ್ರ.

"ನಾವು ನಾಲ್ಕು ಜನಾನೂ ಎರಡು ತಿಂಗಳಿಂದ ಗೊರಕೆ ಹೊಡೀತಿದೀವಾ?" ಎಂದಳು ಚಿಕ್ಕಮ್ಮ. "ಸಂಬಳ ಮಾತ್ರ ಸರಿಯಾಗಿ ಬರ್ತಿದೆ."

ಬುದ್ಧಿ ಇರುವವನು ಇಲ್ಲಿ ತಲೆ ಕೆರೆದುಕೊಳ್ಳುತ್ತಿದ್ದ. ಪಂಡಿತ ಕೆರೆದುಕೊಳ್ಳಲಿಲ್ಲ. ತನ್ನ ಆಜ್ಞೆಯಲ್ಲಿ ತಪ್ಪಿರಬಹುದು ಎನ್ನುವುದಕ್ಕಿಂತ ನಾಲ್ಕು ಹೆಂಗಸರು ಎರಡು ತಿಂಗಳು ಒಂದಕ್ಷರ ಬರೆದಿಲ್ಲ ಎನ್ನುವುದೇ ಅವನಿಗೆ ನಂಬಲು ಸುಲಭವಾಗಿತ್ತು. ಓದಿದವರ ಸೊಕ್ಕು ಎಂದರೆ ಇದೇ. ಕಣ್ಣೆದುರಿನ ಗೋಡೆಗೆ ಡಿಕ್ಕಿ ಹೊಡೆದು, ಗೋಡೆ ಅಲ್ಲಿರಬಾರದಿತ್ತು ಎನ್ನುವ ಜಾತಿ.

ಚಿಕ್ಕಮ್ಮ ಪರದೆಗೆ ಬೆರಳಿಟ್ಟಳು. "ಪ್ರತಿ ಸಲ ಕೊನೇಲಿ ಒಂದು ಬಾಲ ಅಂಟಿಸ್ತೀಯಲ್ಲ. ಅದೇನು?"

"ಅದು ಏನಿಲ್ಲ. ಪರದೆ ಚೊಕ್ಕಟವಾಗಿರ್ಲಿ ಅಂತ."

"ಅಂದ್ರೆ?"

"ಹುಡುಕ್ತಾ ಹೋಗುವಾಗ ಕಂಪ್ಯೂಟರ್ ಸುಮ್ನೆ ಗೊಣಗತ್ತೆ ಚಿಕ್ಕಮ್ಮ. ಅದು ಆಗ್ಲಿಲ್ಲ, ಇದು ಆಗ್ಲಿಲ್ಲ ಅಂತ ದೂರು. ಆ ದೂರನ್ನೆಲ್ಲಾ ಈ ಬಾಲ ಒಂದು ಗುಂಡಿಗೆ ಎಸೆಯತ್ತೆ. ತಳ ಇಲ್ಲದ ಗುಂಡಿ, ಬಿದ್ದಿದ್ದು ಮತ್ತೆ ಬರಲ್ಲ. ನಮ್ಮ ಕೆಲಸದವರೆಲ್ಲಾ ಹಾಕ್ತಾರೆ."

"ಏನಂತ ದೂರುತ್ತೆ ಅದು?"

"ಯಾರಿಗೊತ್ತು. ಕಸ."

ಚಿಕ್ಕಮ್ಮನಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಸಹ್ಯವಾಗಿತ್ತು. ಹತ್ತೊಂಬತ್ತು ವರ್ಷ ಬೇರೆಯವರ ಗೊಣಗಾಟ, ಅಳು, ಬೈಗುಳ ಎಲ್ಲವನ್ನೂ ಕೇಳಿ, ಒಂದೊಂದನ್ನೂ ಬರೆದು ಸಾಲು ಮಾಡಿದವಳು ಅವಳು. ಅವಳದೇ ಮನೆಯ ಹುಡುಗ ಮೂರು ಮಹಡಿ ಮೇಲೆ ಕೂತು, ಕೇಳಿಸಿಕೊಳ್ಳದಿರುವುದನ್ನೇ ಒಂದು ವಿದ್ಯೆ ಮಾಡಿಕೊಂಡಿದ್ದ.

"ದೂರು ಕೇಳೋದು ನನ್ನ ಕೆಲಸ ಕಣೋ," ಎಂದಳು. "ಆ ಬಾಲ ಕೀಳು. ಅದೇನು ಹೇಳತ್ತೋ ನಾನು ಕೇಳ್ತೀನಿ."

"ಸುಮ್ನೆ ಟೈಮ್ ವೇಸ್ಟು."

"ಮೂರು ಮಹಡಿ ಹತ್ತಿ ಬಂದಿದೀನಿ. ಕೀಳು."

ಅವನು ಮೂಗು ಮುರಿದು ಬಾಲವನ್ನು ಅಳಿಸಿದ. ಕೀಲಿ ಒತ್ತಿದ.

ಈ ಸಲ ಹಳೆಯ ಸಾಲುಗಳ ನಡುನಡುವೆ ಬೇರೆ ಸಾಲುಗಳು ಬಂದವು. ಒಂದನೆಯ ಮೇಜಿನ ಕಡತ: ಓದಲು ನಿಮಗೆ ಅನುಮತಿ ಇಲ್ಲ. ಎರಡನೆಯ ಮೇಜಿನ ಕಡತ: ಅನುಮತಿ ಇಲ್ಲ. ಮೂರನೆಯದು, ನಾಲ್ಕನೆಯದು. ಎರಡು ತಿಂಗಳ ಒಂದೊಂದು ದಿನಕ್ಕೂ, ಒಂದೊಂದು ಮೇಜಿಗೂ ಒಂದೊಂದು ಸಾಲು. ಪರದೆ ತುಂಬಿತು, ಮೇಲಕ್ಕೆ ಓಡಿತು, ಮತ್ತೆ ತುಂಬಿತು. ಪಾಪ, ಕಂಪ್ಯೂಟರ್ ಮೊದಲ ದಿನದಿಂದಲೂ ಹೇಳುತ್ತಲೇ ಇತ್ತು, ಸ್ವಾಮಿ ಈ ಬಾಗಿಲಿಗೆ ಬೀಗ ಇದೆ, ಒಳಗೆ ನಾನು ಹೋಗಿಲ್ಲ, ನೋಡಿಲ್ಲ ಎಂದು.

ಪಂಡಿತನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕತ್ತು.

"ಬೀಗ ಹಾಕಿದ್ದು ಯಾರು?" ಚಿಕ್ಕಮ್ಮ ಕೇಳಿದಳು.

ಎರಡು ತಿಂಗಳ ಹಿಂದೆ ಕಡತಗಳನ್ನೆಲ್ಲ ಹೊಸ ಯಂತ್ರಕ್ಕೆ ಸಾಗಿಸಿದವನು ಅವನೇ. ದೂರಿನ ವಿಭಾಗದ ಹೊಸ ಕಡತಗಳನ್ನು ಕಂಡಕಂಡವರು ಓದಬಾರದು ಎಂದು ಭಾರಿ ಬಂದೋಬಸ್ತು ಮಾಡಿದವನೂ ಅವನೇ. ಆ ಕಂಡಕಂಡವರ ಪಟ್ಟಿಯಲ್ಲಿ ತನ್ನನ್ನೂ ಸೇರಿಸಿಕೊಂಡದ್ದು ಪಂಡಿತರ ಗಮನಕ್ಕೆ ಬಂದಿರಲಿಲ್ಲ.

"ನಾನೇ," ಎಂದ.

ಎಲ್ಲ ಬೀಗವನ್ನೂ ತೆರೆಯುವ ಗುಪ್ತಪದ ಒಂದಿತ್ತು. ಅದನ್ನು ಹಾಕಿ ಮತ್ತೆ ಹುಡುಕಿದ. ಒಂಬತ್ತು ಸಾಲು ಬಂದವು. ಮೂರು ಹನ್ನೆರಡು, ನಾಲ್ಕನೆಯ ಮೇಜು, ಒಳಗೆ ಒಬ್ಬ ಹೆಂಗಸು. ಮೂರು ಹದಿನಾಲ್ಕು, ಮೆಕ್ಯಾನಿಕ್ ರಜೆ. ಮೂರು ಇಪ್ಪತ್ತು, ಮ್ಯಾನೇಜರಿಗೆ ಮೆಸೇಜ್, ತಲುಪಿದೆ. ಮೂರು ನಲವತ್ತೈದು, ಮ್ಯಾನೇಜರಿಗೆ ಮೆಸೇಜ್, ತಲುಪಿದೆ. ನಾಲ್ಕೂವರೆ, ಮ್ಯಾನೇಜರಿಗೆ ಮೆಸೇಜ್, ಒಳಗಿರುವವರಿಗೆ ಉಸಿರು ಕಟ್ಟುತ್ತಿದೆಯಂತೆ, ತಲುಪಿದೆ. ಉಳಿದ ನಾಲ್ಕರಲ್ಲಿ ಲಿಫ್ಟಿನಿಂದ ಬಂದ ಕರೆಗಳು, ಅಗ್ನಿಶಾಮಕ.

ಚಿಕ್ಕಮ್ಮನಿಗೆ ಕಣ್ಣು ಮಂಜಾಯಿತು. ತನ್ನದೇ ಮಾತುಗಳು, ತಾನು ಬರೆದ ಹಾಗೆಯೇ, ಅಲ್ಲೇ ಇದ್ದವು. ಮೂರು ವಾರದಲ್ಲಿ ಅವಳಿಗೇ ತನ್ನ ಮೇಲೆ ಅನುಮಾನ ಬರಲು ಶುರುವಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಪಂಡಿತ ಆ "ಮ್ಯಾನೇಜರಿಗೆ" ಎನ್ನುವ ಮೂರು ಸಾಲನ್ನೇ ದಿಟ್ಟಿಸುತ್ತಿದ್ದ. ಅವನ ಮುಖದಲ್ಲಿ ಹೊಸ ಲೆಕ್ಕಾಚಾರ ಓಡುತ್ತಿತ್ತು.

"ಚಿಕ್ಕಮ್ಮ, ಒಂದು ಕೆಲಸ ಮಾಡೋಣ," ಎಂದ, ದನಿ ತಗ್ಗಿಸಿ. "ಗ್ರೆಪ್‌ಗೆ ಮೊದಲನೇ ಸಾಲು ಸಿಕ್ಕ ತಕ್ಷಣ ನಿಲ್ಲು ಅಂತ ಹೇಳಬಹುದು. ಮೂರು ಹನ್ನೆರಡರ ಸಾಲು ಮಾತ್ರ ತೆಗೆದು ಕೊಡ್ತೀನಿ. ನೀನು ಕರೆ ಬರ್ಕೊಂಡಿದ್ದೆ ಅಂತ ಆಯ್ತಲ್ಲ. ತಾಂತ್ರಿಕ ಕಾರಣದಿಂದ ದಾಖಲೆ ತಡವಾಗಿ ಸಿಕ್ತು ಅಂತ ಬರೀತೀನಿ. ನಿನ್ನ ಕೆಲಸ ಉಳಿಯತ್ತೆ. ಅವರ ತಂಟೆ ನಮಗ್ಯಾಕೆ?"

"ಅವರು ಅಂದ್ರೆ ಮ್ಯಾನೇಜರ್ರಾ?"

"ನನಗೂ ಅವರೇ ಮ್ಯಾನೇಜರ್ ಚಿಕ್ಕಮ್ಮ."

"ಈಗ ತಾನೇ ಕಂಪ್ಯೂಟರಿಗೆ ಚಿಕ್ಕಮ್ಮ ದೊಡ್ಡಮ್ಮ ಗೊತ್ತಿರ್ಲಿಲ್ಲ," ಎಂದಳು ಅವಳು. "ಅಷ್ಟರಲ್ಲೇ ಮ್ಯಾನೇಜರ್ ಗೊತ್ತಾಗಿಬಿಟ್ರಾ?"

ಅವನು ಪರದೆಯ ಕಡೆ ತಿರುಗಿದ.

"ಕೇಳು. ಆ ಹೆಂಗಸು ಎರಡೂ ಮುಕ್ಕಾಲು ಗಂಟೆ ಕತ್ತಲೇಲಿ ನಿಂತು ನನ್ನ ಮಾತು ನಂಬಿದ್ಲು. ನಾನು ಸುಳ್ಳು ಹೇಳಿದೆ ಅಂತ ಈಗ ಬರೆದುಕೊಟ್ಟಿದಾಳೆ. ಒಂಬತ್ತು ಸಾಲೂ ಅವಳ ಮುಂದೆ ಓದಬೇಕು. ಓದೋನು ನೀನು. ವರದೀಲಿ ತಾಂತ್ರಿಕ ಕಾರಣ ಅಂತ ಬರೆದ್ರೆ ನಿಮ್ಮಮ್ಮನ ಮನೆಗೆ ಬಂದು ಜಗಲಿ ಮೇಲೆ ಕೂತ್ಕೊಂಡು ಒಂಬತ್ತು ಸಾಲೂ ಅವಳಿಗೆ ಓದಿ ಹೇಳ್ತೀನಿ. ನೋಡದೇನೇ ಇಲ್ಲ ಅಂತ ಬರೆದೆ ಅಂತ ಬರಿ. ಅಷ್ಟೇ ಆಗಿದ್ದು, ಅಷ್ಟೇ ಬರಿ."

ಹೇಳಿ ಎದ್ದು ಮೆಟ್ಟಿಲಿಳಿದು ಹೋದಳು. ಅವನು ಬರೆಯುತ್ತಾನೋ ಇಲ್ಲವೋ ಎನ್ನುವುದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ಸಂಜೆ ಮನೆಯಲ್ಲಿ ಪಾತ್ರೆ ತೊಳೆಯುವಾಗ ಎರಡು ಲೋಟ ಕೈಜಾರಿ ಬಿದ್ದವು.

ಗುರುವಾರ ಹನ್ನೊಂದಕ್ಕೆ ಮ್ಯಾನೇಜರರ ಕೋಣೆಯಲ್ಲಿ ಉದ್ದನೆಯ ಮೇಜಿನ ಸುತ್ತ ನಾಲ್ವರು ಕೂತರು. ಮ್ಯಾನೇಜರ್ ನಡುವೆ, ಅವರ ಮುಂದೆ ಅವರ ದೊಡ್ಡ ಫೋನು. ಟೈಲರಮ್ಮ ತೆಳ್ಳಗಿನ ಹೆಂಗಸು, ಹೆಬ್ಬೆರಳಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಗಂಟು ಬಿದ್ದಿತ್ತು. ತನ್ನ ದೂರಿನ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಚಿಕ್ಕಮ್ಮನ ಕಡೆ ತಿರುಗಿಯೂ ನೋಡದೆ ಕೂತಿದ್ದಳು.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. "ಇದರಲ್ಲಿ ಹೇಳೋದು ಜಾಸ್ತಿ ಏನಿಲ್ಲ. ಆಕೆ ನಮ್ಮಲ್ಲಿ ತುಂಬಾ ವರ್ಷದಿಂದ ಇದಾರೆ, ನನಗೂ ಬೇಜಾರೇ. ಆದ್ರೆ ದಾಖಲೆ ಅಂತ ಒಂದಿರತ್ತಲ್ಲ. ಓದಪ್ಪ."

ಪಂಡಿತ ಎದ್ದು ನಿಂತ. ಕೈಯಲ್ಲಿ ಒಂದು ಹಾಳೆಯಿತ್ತು. ನಿನ್ನೆಯ ಹಾಳೆಯೋ ಹೊಸದೋ, ಚಿಕ್ಕಮ್ಮನಿಗೆ ಕೂತಲ್ಲಿಂದ ಕಾಣಲಿಲ್ಲ. ಅವನು ಅವಳನ್ನು ನೋಡದೆ ಓದತೊಡಗಿದ.

"ನಿನ್ನೆಯ ನನ್ನ ವರದಿ ತಪ್ಪು. ನಾನು ಕಡತಗಳನ್ನು ನೋಡದೆಯೇ ದಾಖಲೆ ಇಲ್ಲ ಎಂದು ಬರೆದೆ. ನೋಡಲು ಆಗುತ್ತಿಲ್ಲ ಎಂದು ಕಂಪ್ಯೂಟರ್ ಹೇಳುತ್ತಿದ್ದದ್ದನ್ನು ನಾನೇ ಮರೆಮಾಡಿದ್ದೆ. ಇಂದು ಓದುತ್ತಿರುವುದು ನೋಡಿದ ಮೇಲೆ ಸಿಕ್ಕಿದ್ದು."

ಮ್ಯಾನೇಜರ್ ಹುಬ್ಬು ಗಂಟಿಕ್ಕುವಷ್ಟರಲ್ಲಿ ಅವನು ಒಂಬತ್ತು ಸಾಲುಗಳನ್ನೂ ಓದಿಬಿಟ್ಟ. ಗಂಟೆ, ನಿಮಿಷ, ತಲುಪಿದೆ, ತಲುಪಿದೆ, ತಲುಪಿದೆ. ಉಸಿರು ಕಟ್ಟುತ್ತಿದೆಯಂತೆ ಎನ್ನುವ ಸಾಲು ಬಂದಾಗ ಟೈಲರಮ್ಮ ತಲೆ ಎತ್ತಿದಳು. ಮೊದಲ ಸಲ ಚಿಕ್ಕಮ್ಮನನ್ನು ನೇರವಾಗಿ ನೋಡಿದಳು.

"ಹೇಳಿದೀನಿ ಅಂದಿದ್ದು ನಿಜವೇ ಹಂಗಾದ್ರೆ," ಎಂದಳು.

"ನಿಜವೇ ಕಣಮ್ಮ," ಎಂದಳು ಚಿಕ್ಕಮ್ಮ. ಅಷ್ಟು ಹೇಳುವಷ್ಟರಲ್ಲಿ ಅವಳ ದನಿ ಒಡೆದುಹೋಯಿತು.

ಮ್ಯಾನೇಜರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ನೋಡಿ, ಕಂಪ್ಯೂಟರ್ ತಲುಪಿದೆ ಅನ್ನಬಹುದು. ನನ್ನ ಫೋನಿಗೆ ಮಾತ್ರ ಬಂದಿಲ್ಲ. ಬಂದಿದ್ರೆ ನಾನು ನೋಡ್ತಿರ್ಲಿಲ್ವಾ? ಬಂದಿಲ್ಲ ಅಂದ್ರೆ ಬಂದಿಲ್ಲ."

ಪಂಡಿತ ಹಾಳೆಯನ್ನು ಮೇಜಿನ ಮೇಲಿಟ್ಟ. "ನಾನೂ ನಿನ್ನೆ ಹಾಗೇ ಅಂದಿದ್ದೆ ಸರ್," ಎಂದ. "ಹುಡುಕಿ ಹೇಳ್ತಿದೀರಾ? ಫೋನ್ ಕೊಟ್ರೆ ಒಂದು ನಿಮಿಷದ ಕೆಲಸ."

ಎಲ್ಲರ ಕಣ್ಣೂ ಆ ಫೋನಿನ ಮೇಲೆ ಬಿದ್ದವು. ಮ್ಯಾನೇಜರರ ಅಂಗೈ ತಾನಾಗಿಯೇ ಹೋಗಿ ಅದನ್ನು ಮುಚ್ಚಿತು. ಆಮೇಲೆ ಅವರು ಅದನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡು ಮೇಜಿನ ಕೆಳಗೆ ಇಳಿಸಿದರು. ಆ ಕೋಣೆಯಲ್ಲಿ ಇನ್ನು ಹುಡುಕುವುದೇನೂ ಉಳಿಯಲಿಲ್ಲ.

ಟೈಲರಮ್ಮ ತನ್ನ ದೂರಿನ ಹಾಳೆಯನ್ನು ಮೇಜಿನ ಮೇಲೆ ಹರಡಿ ಪಂಡಿತನ ಜೇಬಿನಲ್ಲಿದ್ದ ಪೆನ್ನು ಕೇಳಿ ಪಡೆದಳು. ನಾಲ್ಕನೆಯ ಮೇಜಿನವಳು ಎಂದಿದ್ದ ಕಡೆಯಲ್ಲೆಲ್ಲ, ಬಟ್ಟೆಗೆ ಗುರುತು ಹಾಕುವಂತೆ, ನೇರವಾಗಿ ಗೀಟು ಎಳೆದಳು. ಆಮೇಲೆ ಪೆನ್ನು ಎತ್ತಿ ಹಿಡಿದು ಮ್ಯಾನೇಜರರನ್ನು ಕೇಳಿದಳು.

"ನಿಮ್ಮ ಹೆಸರೇನು ಸರ್?"

ಮ್ಯಾನೇಜರ್ ಹೇಳಲಿಲ್ಲ. ಪಂಡಿತ ಹೇಳಿದ.